ಹೊಸ ಸರ್ಚ್ ಎಂಜಿನ್ ಜೊತೆ ಮೂರು ವಾರ

ಬ್ರೌಸರಿನ ಸೆಟ್ಟಿಂಗ್ಸ್ ತೆರೆದು, ವಿಳಾಸದ ಪಟ್ಟಿಯಲ್ಲಿ ಟೈಪಿಸಿದ್ದೆಲ್ಲ ಇನ್ನು ಮುಂದೆ ಯಾವ ಸರ್ಚ್ ಎಂಜಿನ್‌ಗೆ ಹೋಗಬೇಕು ಎಂಬುದನ್ನು ಬದಲಾಯಿಸಲು ನನಗೆ ಅರ್ಧ ನಿಮಿಷ ಸಾಕಾಯಿತು. ಈ ಅರ್ಧ ನಿಮಿಷದ ಕೆಲಸಕ್ಕೆ ಹೆಚ್ಚಿನವರು ಕೈಹಾಕುವುದೇ ಇಲ್ಲ. ಅದಕ್ಕಿರುವ ಬೆಲೆ ಎಷ್ಟೆಂದರೆ, ಫೋನು ಮತ್ತು ಬ್ರೌಸರುಗಳಲ್ಲಿ ಮೊದಲೇ ಕೂರಿಸಿದ ಆಯ್ಕೆ ತನ್ನದೇ ಆಗಿರಲೆಂದು ಗೂಗಲ್ 2021ರ ಒಂದೇ ವರ್ಷದಲ್ಲಿ 2,630 ಕೋಟಿ ಡಾಲರ್ ಕೊಟ್ಟಿದೆ. ಅಮೆರಿಕದ ನ್ಯಾಯಾಲಯದಲ್ಲಿ ನಡೆದ ಏಕಸ್ವಾಮ್ಯದ ಮೊಕದ್ದಮೆಯಿಂದ ಹೊರಬಿದ್ದ ಲೆಕ್ಕ ಇದು. ಆ ಏಕಸ್ವಾಮ್ಯವನ್ನು ಗೂಗಲ್ ಕಾನೂನುಬಾಹಿರವಾಗಿ ಕಾಯ್ದುಕೊಂಡಿದೆ ಎಂದು ನ್ಯಾಯಾಧೀಶ ಅಮಿತ್ ಮೆಹ್ತಾ ಅವರು 2024ರ ಆಗಸ್ಟ್‌ನಲ್ಲಿ ತೀರ್ಪಿತ್ತರು.

ನಾನು ಮೂರು ವಾರ ಬಳಸಿದ ಹೊಸ ಸರ್ಚ್ ಎಂಜಿನ್‌ನ ಹೆಸರನ್ನು ಇಲ್ಲಿ ಬೇಕೆಂದೇ ಬಿಟ್ಟಿದ್ದೇನೆ. ಅದಿನ್ನೂ ಪರೀಕ್ಷಾ ಹಂತದಲ್ಲಿದೆ. ಇಂದು ಕಂಡ ಕುಂದು ಮುಂದಿನ ತಿಂಗಳು ಉಳಿಯದಿರಬಹುದು. ಆದರೆ ಇಂಥ ಯಾವುದೇ ಹೊಸಬನನ್ನು ಹೇಗೆ ಒರೆಗೆ ಹಚ್ಚಬೇಕು ಎಂಬುದು ಅಷ್ಟು ಬೇಗ ಬದಲಾಗುವ ವಿಷಯವಲ್ಲ.

ಮೊದಲು ನೋಡಬೇಕಾದದ್ದು ಅದರ ಇಂಡೆಕ್ಸ್ ಸ್ವಂತದ್ದೋ ಎರವಲೋ ಎಂಬುದನ್ನು. ಸರ್ಚ್ ಎಂಜಿನ್ ನಮ್ಮ ಪ್ರಶ್ನೆ ಬಂದ ಮೇಲೆ ಜಾಲವನ್ನು ಹುಡುಕಲು ಹೊರಡುವುದಿಲ್ಲ. ಕ್ರಾಲರ್ ಎಂಬ ತಂತ್ರಾಂಶ ಮೊದಲೇ ಕೊಂಡಿಯಿಂದ ಕೊಂಡಿಗೆ ಸಾಗುತ್ತಾ ಪುಟಗಳನ್ನು ತಂದು ಹಾಕಿರುತ್ತದೆ. ಯಾವ ಪದ ಯಾವ ಯಾವ ಪುಟದಲ್ಲಿದೆ ಎಂಬ ಪಟ್ಟಿ, ಪುಸ್ತಕದ ಕೊನೆಯಲ್ಲಿರುವ ಪದಸೂಚಿಯಂತೆ, ಸಿದ್ಧವಾಗಿರುತ್ತದೆ. ನಮಗೆ ಉತ್ತರ ಬರುವುದು ಆ ಸೂಚಿಯಿಂದ. ಅದನ್ನು ಕಟ್ಟುವುದು, ಕಟ್ಟಿದ್ದನ್ನು ದಿನವೂ ಹೊಸದಾಗಿ ಇಟ್ಟುಕೊಳ್ಳುವುದು ವಿಪರೀತ ಖರ್ಚಿನ ಬಾಬತ್ತು. ಆದ್ದರಿಂದಲೇ ಪರ್ಯಾಯವೆಂದು ಹೇಳಿಕೊಳ್ಳುವ ಹಲವು ಎಂಜಿನ್‌ಗಳು ಒಳಗೊಳಗೆ ಮೈಕ್ರೋಸಾಫ್ಟ್‌ನ ಬಿಂಗ್‌ನಿಂದ ಫಲಿತಾಂಶಗಳನ್ನು ಪಡೆದು ತಮ್ಮ ಅಂಗಿ ತೊಡಿಸಿ ಕೊಡುತ್ತಾ ಬಂದಿವೆ. ಡಕ್‌ಡಕ್‌ಗೋ ಕೂಡ ತನ್ನ ಸಾಮಾನ್ಯ ಫಲಿತಾಂಶಗಳಿಗೆ ಬಹುಪಾಲು ಬಿಂಗ್ ಅನ್ನೇ ನೆಚ್ಚಿಕೊಂಡಿದೆ. 2025ರ ಆಗಸ್ಟ್‌ನಲ್ಲಿ ಮೈಕ್ರೋಸಾಫ್ಟ್ ಹೊರಗಿನ ತಂತ್ರಾಂಶಗಳಿಗೆ ತೆರೆದಿಟ್ಟಿದ್ದ ಬಿಂಗ್‌ನ ಹುಡುಕಾಟ ಸೇವೆಯನ್ನು ಮುಚ್ಚಿದಾಗ, ಎರವಲು ಸೂಚಿಯ ಮೇಲೆ ಮನೆ ಕಟ್ಟುವುದರ ಅಪಾಯ ಎಲ್ಲರಿಗೂ ಕಂಡಿತು.

ನಾನು ಬಳಸಿದ ಎಂಜಿನ್ ತನ್ನದು ಸ್ವಂತ ಸೂಚಿ ಎಂದು ಹೇಳಿಕೊಳ್ಳುತ್ತದೆ. ನನ್ನದೊಂದು ಹಳೆಯ, ಸಣ್ಣ ಜಾಲತಾಣವಿರುವುದರಿಂದ ಆ ಮಾತನ್ನು ಪರೀಕ್ಷಿಸುವುದು ಕಷ್ಟವಾಗಲಿಲ್ಲ. ತಾಣಕ್ಕೆ ಯಾರು ಯಾವಾಗ ಬಂದುಹೋದರೆಂದು ಬರೆದಿಡುವ ಸರ್ವರಿನ ಲಾಗ್ ಕಡತವನ್ನು ತೆರೆದು ಈ ಎಂಜಿನ್‌ನ ಕ್ರಾಲರ್ ಹೆಸರಿನ ಸಾಲುಗಳನ್ನಷ್ಟೇ ಸೋಸಿ ತೆಗೆದೆ. ಹೆಸರನ್ನು ಯಾರು ಬೇಕಾದರೂ ಹಾಕಿಕೊಂಡು ಬರಬಹುದಾದ್ದರಿಂದ, ಕಂಪನಿ ಪ್ರಕಟಿಸಿರುವ ಐಪಿ ವಿಳಾಸಗಳ ಪಟ್ಟಿಯೊಂದಿಗೂ ತಾಳೆ ನೋಡಿದೆ. ಬಂದದ್ದು ನಿಜವಾಗಿ ಅದೇ ಕ್ರಾಲರ್ ಆಗಿತ್ತು. ಒಳಗೆ ಬರುವ ಮುನ್ನ ಎಲ್ಲಿಗೆ ಬರಬಾರದೆಂದು ಕ್ರಾಲರ್‌ಗಳಿಗೆ ತಿಳಿಸುವ ರೋಬಾಟ್ಸ್ ಕಡತವನ್ನು ಕೇಳಿ ಪಡೆದು, ಅದರಲ್ಲಿ ಬೇಡವೆಂದು ಬರೆದಿದ್ದ ಭಾಗವನ್ನು ಮುಟ್ಟದೆ, ಹದಿನಾಲ್ಕು ಪುಟಗಳನ್ನು ನಡುನಡುವೆ ಕೆಲವು ಸೆಕೆಂಡು ಬಿಟ್ಟು ಬಿಟ್ಟು ಕೊಂಡೊಯ್ದಿತ್ತು. ರೋಬಾಟ್ಸ್ ಕಡತ 1994ರಿಂದ ನಡೆದುಬಂದಿರುವ ಸೌಜನ್ಯದ ಒಪ್ಪಂದ. ಪಾಲಿಸದವರನ್ನು ತಡೆಯುವ ಶಕ್ತಿ ಅದಕ್ಕಿಲ್ಲ. ಈಚೆಗೆ ಬಾಗಿಲು ತಟ್ಟದೆ ನುಗ್ಗುವ ಕ್ರಾಲರ್‌ಗಳನ್ನೇ ಹೆಚ್ಚಾಗಿ ಕಂಡಿದ್ದ ನನಗೆ ಈ ನಡವಳಿಕೆ ಹಿಡಿಸಿತು.

ಅದೇ ದಿನ ತಾಣದಲ್ಲಿ ಬೇರೆಲ್ಲೂ ಇಲ್ಲದ ಒಂದು ವಾಕ್ಯವುಳ್ಳ ಹೊಸ ಪುಟವನ್ನು ಸೇರಿಸಿ, ಆ ವಾಕ್ಯವನ್ನು ಉದ್ಧರಣ ಚಿಹ್ನೆಯೊಳಗಿಟ್ಟು ದಿನಕ್ಕೊಮ್ಮೆ ಎರಡೂ ಕಡೆ ಹುಡುಕುತ್ತಾ ಬಂದೆ. ನಾನು ಈವರೆಗೆ ಬಳಸುತ್ತಿದ್ದ ಎಂಜಿನ್‌ನಲ್ಲಿ ಅದು ಮರುದಿನವೇ ಕಾಣಿಸಿಕೊಂಡಿತು. ಹೊಸದರಲ್ಲಿ ಒಂಬತ್ತನೆಯ ದಿನ. ಸೂಚಿ ಸ್ವಂತದ್ದು ಎಂಬುದಕ್ಕೆ ಈ ತಡವೇ ಒಂದು ಸಾಕ್ಷಿ ಎನ್ನಬಹುದು, ಆದರೆ ಬೆಳಗಿನ ಸುದ್ದಿಯನ್ನು ಮಧ್ಯಾಹ್ನ ಹುಡುಕುವವರಿಗೆ ಅಂಥ ಸಾಕ್ಷಿಯಿಂದ ಏನೂ ಪ್ರಯೋಜನವಿಲ್ಲ. ದೊಡ್ಡ ಸುದ್ದಿತಾಣಗಳನ್ನು ಅದು ಗಂಟೆಗೊಮ್ಮೆ ನೋಡಿ ಬರುತ್ತದೆ. ಸಣ್ಣ ತಾಣಗಳ ಸರದಿ ಬರುವುದು ನಿಧಾನ.

ಫಲಿತಾಂಶಗಳ ಗುಣಮಟ್ಟದಲ್ಲಿ ನನಗೆ ಅತಿ ಹೆಚ್ಚು ಮೆಚ್ಚುಗೆಯಾದದ್ದು, ಕೇಳಿದ್ದನ್ನು ಕೇಳಿದ ಹಾಗೆಯೇ ಹುಡುಕುವ ಅದರ ಶಿಸ್ತು. ತಂತ್ರಾಂಶವೊಂದು ಕೊಟ್ಟ ದೋಷ ಸಂದೇಶವನ್ನು ಇಡಿಯಾಗಿ ಉದ್ಧರಣ ಚಿಹ್ನೆಯೊಳಗೆ ಹಾಕಿದಾಗ ಮೂರೇ ಮೂರು ಪುಟಗಳನ್ನು ತೋರಿಸಿ, ಇದಕ್ಕಿಂತ ಹೆಚ್ಚಿಲ್ಲ ಎಂದು ಸುಮ್ಮನಾಯಿತು. ಆ ಮೂರರಲ್ಲಿ ಎರಡನೆಯದೇ ನನಗೆ ಬೇಕಾದದ್ದು. ಪದಗಳನ್ನು ತಾನೇ ತಿದ್ದಿ, ಹತ್ತಿರದ ಅರ್ಥಗಳನ್ನು ಸೇರಿಸಿ ಲಕ್ಷಗಟ್ಟಲೆ ಫಲಿತಾಂಶಗಳನ್ನು ಸುರಿಯುವ ಔದಾರ್ಯ ಇದಕ್ಕಿಲ್ಲ. ಕಾಗುಣಿತ ತಪ್ಪಿದರೆ ಮಾತ್ರ ಈ ಶಿಸ್ತೇ ಮೊಂಡುತನವಾಗುತ್ತದೆ.

ಕನ್ನಡದ ವಿಷಯಕ್ಕೆ ಬಂದಾಗ ಅದರ ಎಳಸುತನ ಗೊತ್ತಾಗುತ್ತದೆ. ‘ಚಂದ್ರಗ್ರಹಣ’ ಎಂದು ಹುಡುಕಿದರೆ ಬರುವ ಪುಟಗಳು ಒಂದು ಬಗೆ, ‘ಚಂದ್ರಗ್ರಹಣದ’ ಎಂದರೆ ಇನ್ನೊಂದು, ‘ಚಂದ್ರಗ್ರಹಣಕ್ಕೆ’ ಎಂದರೆ ಮತ್ತೊಂದು. ವಿಭಕ್ತಿ ಪ್ರತ್ಯಯ ಹತ್ತಿದರೂ ಮೂಲ ಪದ ಒಂದೇ ಎಂಬುದು ಅದಕ್ಕಿನ್ನೂ ತಿಳಿದಿಲ್ಲ. ಪ್ರತ್ಯಯವನ್ನು ಪದಕ್ಕೇ ಅಂಟಿಸುವ ನಮ್ಮ ಭಾಷೆಯಲ್ಲಿ ಇದು ಸಣ್ಣ ಲೋಪವಲ್ಲ. ಬಹುಪಾಲು ನಾಮಪದಗಳ ಹುಡುಕಾಟ ಇದರಿಂದ ಚೂರುಚೂರಾಗುತ್ತದೆ. ಇದಕ್ಕಿಂತ ವಿಚಿತ್ರವಾದದ್ದು ‘ಸಾಫ್ಟ್‌ವೇರ್’ ಎಂಬ ಪದದಲ್ಲಿ ಸಿಕ್ಕಿತು. ‘ಟ್’ ಆದ ಮೇಲೆ ‘ವೇ’ ಒತ್ತಕ್ಷರವಾಗದೆ ಬಿಡಿಯಾಗಿ ನಿಲ್ಲಬೇಕಾದರೆ ನಡುವೆ ಕಣ್ಣಿಗೆ ಕಾಣದ, ಅಗಲವೇ ಇಲ್ಲದ ಒಂದು ಯೂನಿಕೋಡ್ ಸಂಕೇತವನ್ನು ಹಾಕಬೇಕು. ಹಲವರು ಅದನ್ನು ಹಾಕದೆ ‘ಸಾಫ್ಟ್ವೇರ್’ ಎಂದೇ ಬರೆಯುತ್ತಾರೆ. ಓದುವವನಿಗೆ ಎರಡೂ ಒಂದೇ ಪದ. ಹೊಸ ಎಂಜಿನ್ ಮಾತ್ರ ಎರಡನ್ನೂ ಬೇರೆ ಬೇರೆ ಪದಗಳೆಂದು ಎಣಿಸಿ, ಮೊದಲ ಪುಟದಲ್ಲಿ ಒಂದೂ ಸಾಮಾನ್ಯ ಫಲಿತಾಂಶವಿಲ್ಲದಂತೆ ಎರಡು ಪಟ್ಟಿಗಳನ್ನು ಕೊಟ್ಟಿತು. ಆ ಸಂಕೇತವನ್ನು ಸೂಚಿಗೆ ಸೇರಿಸುವ ಮುನ್ನ ಕಿತ್ತುಹಾಕಿದ್ದರೆ ಮುಗಿದುಹೋಗುತ್ತಿದ್ದ ಕೆಲಸ! ಈ ಬಗ್ಗೆ ಅವರಿಗೆ ಬರೆದೆ. ‘ಗಮನಕ್ಕೆ ತೆಗೆದುಕೊಂಡಿದ್ದೇವೆ’ ಎಂಬ ಒಂದು ಸಾಲಿನ ಉತ್ತರ ಬಂದಿದೆ.

ಫಲಿತಾಂಶಗಳ ಮೇಲ್ಗಡೆ ಕೃತಕ ಬುದ್ಧಿಮತ್ತೆ ಬರೆದ ಸಾರಾಂಶದ ಪೆಟ್ಟಿಗೆಯೊಂದು ಇರುತ್ತದೆ. ಹೊಸಬರು ಯಾರೂ ಈಗ ಇದನ್ನು ಬಿಟ್ಟು ಬರುವ ಧೈರ್ಯ ಮಾಡುವುದಿಲ್ಲವೆಂದು ತೋರುತ್ತದೆ. ಅದನ್ನು ಪರೀಕ್ಷಿಸಲು ಅದರ ಹಿರಿಯರ ಬಗ್ಗೆಯೇ ಕೇಳಿದೆ: ನೀವಾ ಎಂಬ ಸರ್ಚ್ ಎಂಜಿನ್ ಈಗ ಹೇಗಿದೆ? ಜಾಹೀರಾತಿಲ್ಲದೆ ಚಂದಾ ಹಣದಿಂದ ನಡೆಯುತ್ತಿದೆ ಎಂದು ಸಾರಾಂಶ ಉತ್ಸಾಹದಿಂದ ಉತ್ತರಿಸಿತು. ಗೂಗಲ್‌ನ ಜಾಹೀರಾತು ವಿಭಾಗವನ್ನು ನಡೆಸಿದ್ದ ಶ್ರೀಧರ್ ರಾಮಸ್ವಾಮಿ ಅವರು ಕಟ್ಟಿದ್ದ ನೀವಾ, ಸಾರ್ವಜನಿಕ ಹುಡುಕಾಟದ ಸೇವೆಯನ್ನು ನಿಲ್ಲಿಸಿದ್ದು 2023ರಲ್ಲಿ. ಸಾರಾಂಶದ ಕೆಳಗೆ ಆಧಾರವೆಂದು ಕೊಟ್ಟಿದ್ದ ಕೊಂಡಿಯನ್ನು ಒತ್ತಿದಾಗ ಕಾರಣ ತಿಳಿಯಿತು: ಅದು 2022ರ ಲೇಖನ. ಅದೇ ಪುಟದ ನಾಲ್ಕನೆಯ ಫಲಿತಾಂಶದಲ್ಲಿ ಮುಚ್ಚಿದ ಸುದ್ದಿ ಸರಿಯಾಗಿಯೇ ಇತ್ತು. ಹುಡುಕುವ ಭಾಗಕ್ಕೆ ಗೊತ್ತಿದ್ದದ್ದು ಬರೆಯುವ ಭಾಗಕ್ಕೆ ಗೊತ್ತಿರಲಿಲ್ಲ. ಆ ಪೆಟ್ಟಿಗೆಯನ್ನು ಪೂರ್ತಿಯಾಗಿ ತೆಗೆದುಹಾಕುವ ಗುಂಡಿಯನ್ನು ಸೆಟ್ಟಿಂಗ್ಸ್‌ನಲ್ಲಿ ಕೈಗೆ ಸಿಗುವಂತೆ ಇಟ್ಟಿದ್ದಾರೆ. ನಾನು ಐದನೆಯ ದಿನವೇ ಅದನ್ನು ಬಳಸಿದೆ.

ಜಾಹೀರಾತು ಇದೆ, ಆದರೆ ಪುಟಕ್ಕೆ ಒಂದು. ನಾವು ಟೈಪಿಸಿದ ಪದವನ್ನು ಮಾತ್ರ ಆಧರಿಸಿದ್ದು, ನಮ್ಮ ಹಿಂದಿನ ಹುಡುಕಾಟಗಳನ್ನಲ್ಲ ಎಂಬುದು ಅವರ ಭರವಸೆ. ಜಾಹೀರಾತಿನ ಹಣದಿಂದ ನಡೆಯುವ ಸರ್ಚ್ ಎಂಜಿನ್ ಬಳಕೆದಾರರಿಗಿಂತ ಜಾಹೀರಾತುದಾರರ ಕಡೆಗೇ ವಾಲುತ್ತದೆ ಎಂಬ ಆತಂಕವನ್ನು 1998ರಷ್ಟು ಹಿಂದೆಯೇ ತಮ್ಮ ಪ್ರಬಂಧದಲ್ಲಿ ಬರೆದಿದ್ದವರು ಗೂಗಲ್‌ನ ಸ್ಥಾಪಕರಾದ ಸೆರ್ಗೆ ಬ್ರಿನ್ ಮತ್ತು ಲ್ಯಾರಿ ಪೇಜ್ ಎಂಬುದನ್ನು ಇಲ್ಲಿ ನೆನೆಯದಿರಲಾಗದು. ಹೊಸಬರು ಇಂದು ಪುಟಕ್ಕೆ ಒಂದೇ ಜಾಹೀರಾತು ಎನ್ನುವಾಗ, ಮುಂದಿನ ವರ್ಷಗಳ ಬಗ್ಗೆ ನಾನು ಪಣ ಕಟ್ಟಲಾರೆ.

ಚಿತ್ರಗಳ ಹುಡುಕಾಟ ಸಾಧಾರಣ. ನಕ್ಷೆಗಳು ಹೆಸರಿಗಷ್ಟೇ ಇವೆ. ಆಶ್ಚರ್ಯಸೂಚಕ ಚಿಹ್ನೆಯ ಜೊತೆ ಒಂದಕ್ಷರ ಟೈಪಿಸಿದರೆ ನೇರವಾಗಿ ಬೇರೊಂದು ತಾಣದಲ್ಲಿ ಹುಡುಕುವ, ಡಕ್‌ಡಕ್‌ಗೋ ಬಳಸಿದವರಿಗೆ ಪರಿಚಿತವಾದ ಅಡ್ಡದಾರಿ ಇಲ್ಲೂ ಇದೆ. ಸೋತಾಗ ಎದುರಾಳಿಯ ಕಡೆಗೆ ಕಳಿಸುವ ಅಕ್ಷರವನ್ನೂ ಸಂಕೋಚವಿಲ್ಲದೆ ಕೊಟ್ಟಿದ್ದಾರೆ. ಆ ಅಕ್ಷರವನ್ನು ನಾನು ಎಷ್ಟು ಸಲ ಬಳಸುತ್ತೇನೆಂದು ಗುರುತು ಹಾಕಿಕೊಂಡೆ. ಮೊದಲ ವಾರ ಮೂವತ್ತೊಂದು ಸಲ, ಎರಡನೆಯ ವಾರ ಇಪ್ಪತ್ತು, ಮೂರನೆಯ ವಾರ ಹದಿನೆಂಟು. ಇಳಿದದ್ದರಲ್ಲಿ ಎಂಜಿನ್‌ನ ಸುಧಾರಣೆ ಎಷ್ಟು, ಅದಕ್ಕೆ ಹೊಂದುವಂತೆ ಕೇಳುವುದನ್ನು ನಾನು ಕಲಿತದ್ದೆಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ. ಉಳಿದ ಹದಿನೆಂಟರಲ್ಲಿ ಹನ್ನೊಂದು ಕನ್ನಡದ ಹುಡುಕಾಟಗಳು.

2008ರ ಜುಲೈನಲ್ಲಿ ಗೂಗಲ್‌ನ ಮಾಜಿ ಎಂಜಿನಿಯರ್‌ಗಳು ಸೇರಿ ಆರಂಭಿಸಿದ ಕೂಲ್ ಎಂಬ ಸರ್ಚ್ ಎಂಜಿನ್, ತನ್ನ ಸೂಚಿಯಲ್ಲಿ 12,000 ಕೋಟಿ ಪುಟಗಳಿವೆಯೆಂದು ಸಾರಿಕೊಂಡು ಬಂದು, ಸಂಬಂಧವಿಲ್ಲದ ಫಲಿತಾಂಶ ಮತ್ತು ಚಿತ್ರಗಳಿಂದ ನಗೆಪಾಟಲಾಗಿ 2010ರಲ್ಲಿ ಕಣ್ಮುಚ್ಚಿತು. ನನ್ನ ಈ ಹೊಸಬ ಸೂಚಿಯ ಗಾತ್ರದ ಬಗ್ಗೆ ಎಲ್ಲೂ ಜಂಬ ಕೊಚ್ಚಿಕೊಂಡಿಲ್ಲ ಎಂಬುದನ್ನು ನಾನು ಒಳ್ಳೆಯ ಲಕ್ಷಣವೆಂದೇ ಎಣಿಸಿದ್ದೇನೆ. ಕಂಪ್ಯೂಟರಿನಲ್ಲಿ ಇದನ್ನೇ ಉಳಿಸಿಕೊಂಡಿದ್ದೇನೆ. ಫೋನಿನ ಬ್ರೌಸರು ಕೊಡುವ ಆಯ್ಕೆಗಳ ಪಟ್ಟಿಯಲ್ಲಿ ಇದರ ಹೆಸರೇ ಇಲ್ಲವಾದ್ದರಿಂದ ಅಲ್ಲಿ ಹಳೆಯದೇ ನಡೆಯುತ್ತಿದೆ. ನಿನ್ನೆ ರಾತ್ರಿ ಅದರ ಕ್ರಾಲರ್ ಮತ್ತೆ ಬಂದು ರೋಬಾಟ್ಸ್ ಕಡತವನ್ನು ಕೇಳಿ, ನಾನು ಹೋದ ವಾರ ಅಳಿಸಿದ ಪುಟವನ್ನೂ ಒಮ್ಮೆ ಹುಡುಕಿಕೊಂಡು ಹೋದದ್ದು ಲಾಗ್‌ನಲ್ಲಿದೆ. ಫಲಿತಾಂಶಗಳಲ್ಲಿ ಆ ಪುಟ ಇನ್ನೂ ಕಾಣುತ್ತಿದೆ.