ಪ್ಯಾಡ್ ಇರುವ ಸೈಕಲ್ ಚಡ್ಡಿ: 26 ತಿಂಗಳು, 8,400 ಕಿ.ಮೀ. ತುಳಿದ ಮೇಲೆ

2023ರ ಮಾರ್ಚ್‌ನಲ್ಲಿ 2,650 ರೂಪಾಯಿ ಕೊಟ್ಟು ತರಿಸಿಕೊಂಡ, ಭುಜಪಟ್ಟಿಯಿರುವ ಒಂದು ಪ್ಯಾಡೆಡ್ ಸೈಕಲ್ ಚಡ್ಡಿಯ ಬಗ್ಗೆ ಇದನ್ನು ಬರೆಯುತ್ತಿದ್ದೇನೆ. ಅಂಗಡಿಯವರು ಇದನ್ನು ಬಿಬ್ ಶಾರ್ಟ್ಸ್ ಎನ್ನುತ್ತಾರೆ. 26 ತಿಂಗಳಲ್ಲಿ ಇದನ್ನು ತೊಟ್ಟು ಸುಮಾರು 8,400 ಕಿ.ಮೀ. ತುಳಿದಿದ್ದೇನೆ: ವಾರದಲ್ಲಿ ಎರಡು ಬೆಳಗು ದಾವಣಗೆರೆಯಿಂದ ಕೊಂಡಜ್ಜಿ ಕೆರೆಯವರೆಗೆ ಹೋಗಿ ಬರುವುದು, ತಿಂಗಳಿಗೊಂದೆರಡು ಭಾನುವಾರ ಸೂಳೆಕೆರೆ ಅಥವಾ ಸಂತೇಬೆನ್ನೂರಿನ ದಾರಿ, ಅಪರೂಪಕ್ಕೆ ಹೆದ್ದಾರಿ ಹಿಡಿದು 60 ಕಿ.ಮೀ. ಆಚೆಯ ಚಿತ್ರದುರ್ಗ. ಆ ಮಾದರಿ ಈಗ ಮಾರಾಟದಲ್ಲಿ ಇಲ್ಲದಿರುವುದರಿಂದ ಕಂಪನಿಯ ಹೆಸರು ಹೇಳಿ ಪ್ರಯೋಜನವಿಲ್ಲ; ಆದರೆ ಅದು ಮಾಡಿದ ಕೆಲಸ ಮತ್ತು ಅದರಿಂದ ಆಗದ ಕೆಲಸ ಎರಡೂ ಈ ಬಗೆಯ ಯಾವ ಚಡ್ಡಿಗೂ ಅನ್ವಯಿಸುತ್ತವೆ. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಆ ನಾಲ್ಕರಲ್ಲಿ ಒಂದು ನ್ಯಾಯವಾಗಿ ಚಡ್ಡಿಗಲ್ಲ, ಸೀಟಿನ ಬೋಲ್ಟು ಸಡಿಲಿಸುವ ಐದು ಮಿಲಿಮೀಟರಿನ ಅಲೆನ್ ಕೀಗೆ ಸೇರಬೇಕು.

ಇದನ್ನು ಕೊಳ್ಳುವುದಕ್ಕೆ ಮುಂಚಿನ ಬೇಸಿಗೆಯಲ್ಲಿ ನಾನು ಹತ್ತಿಯ ಒಳಚಡ್ಡಿಯ ಮೇಲೆ ಟ್ರ್ಯಾಕ್ ಪ್ಯಾಂಟ್ ತೊಟ್ಟು, ಸೀಟಿಗೆ 350 ರೂಪಾಯಿಯ ಜೆಲ್ ಕವರ್ ಹಾಕಿಕೊಂಡು ತುಳಿಯುತ್ತಿದ್ದೆ. ಮೊದಲು ತೊಡೆಸಂದಿನಲ್ಲಿ ಚರ್ಮ ಕೆಂಪಾಗಿ ಉರಿಯಿತು, ಅದನ್ನು ಲೆಕ್ಕಿಸದೆ ಮತ್ತೆರಡು ದಿನ ಹೋದೆ, ನಾಲ್ಕನೆಯ ದಿನಕ್ಕೆ ಸರಿಯಾಗಿ ಕುಳಿತುಕೊಳ್ಳುವ ಮೂಳೆಯ ಪಕ್ಕದಲ್ಲಿ ಗೋಲಿಯಷ್ಟು ದಪ್ಪದ ಕುರು ಎದ್ದಿತು. ಪದವಿಪೂರ್ವ ಕಾಲೇಜಿನಲ್ಲಿ ಪಾಠ ಮಾಡುವವನು ನಾನು. ಆ ವಾರವಿಡೀ ಸ್ಟಾಫ್ ರೂಮಿನಲ್ಲಿಯೂ ನಿಂತೇ ಇದ್ದುದನ್ನು ಸಹೋದ್ಯೋಗಿಗಳು ಉತ್ಸಾಹವೆಂದು ಭಾವಿಸಿದರು. ಹತ್ತಿಯ ಬಟ್ಟೆ ಬೆವರನ್ನು ಹೀರಿ ತನ್ನಲ್ಲೇ ಇಟ್ಟುಕೊಳ್ಳುತ್ತದೆ, ತೇವದಲ್ಲಿ ನೆನೆದ ಚರ್ಮ ಮೆತ್ತಗಾಗುತ್ತದೆ, ಒಳಚಡ್ಡಿಯ ಅಂಚಿನ ಹೊಲಿಗೆ ಗಂಟೆಗೆ ಸಾವಿರಾರು ಬಾರಿ ಅದೇ ಜಾಗವನ್ನು ಉಜ್ಜುತ್ತದೆ, ಹಾಗೆ ಸವೆದ ಕೂದಲ ಬುಡಗಳಿಗೆ ಚರ್ಮದ ಮೇಲೆ ಸದಾ ಇರುವ ಬ್ಯಾಕ್ಟೀರಿಯಾ ಇಳಿದು ಕೀವು ಕಟ್ಟುತ್ತದೆ. ಜೆಲ್ ಕವರು ನೋವು ಕಡಿಮೆ ಮಾಡುವ ಬದಲು ಹೆಚ್ಚಿಸಿತ್ತು. ಅತಿ ಮೆತ್ತನೆಯ ಸೀಟಿನಲ್ಲಿ ಮೂಳೆಗಳು ಒಳಕ್ಕಿಳಿದು, ಭಾರ ಹೊರಬಾರದ ನಡುಭಾಗದ ಮೃದು ಮಾಂಸದ ಮೇಲೆ ಒತ್ತಡ ಬೀಳುತ್ತದೆ. ಆ ಕವರಿಗೆ ಐದಕ್ಕೆ ಒಂದು ಅಂಕ.

ಚಡ್ಡಿಯ ವಿಷಯಕ್ಕೆ ಬಂದರೆ, ಇದರೊಳಗೆ ಒಳಉಡುಪು ತೊಡಬಾರದು ಎಂಬುದನ್ನು ಮೊದಲು ಹೇಳಬೇಕು, ಏಕೆಂದರೆ ನಾನೇ ಮೊದಲ ಎರಡು ವಾರ ಸಂಕೋಚದಿಂದ ತೊಟ್ಟು ಅದರ ಉಪಯೋಗವನ್ನು ಪೂರ್ತಿ ಕಳೆದುಕೊಂಡಿದ್ದೆ. ಪ್ಯಾಡು ನೇರವಾಗಿ ಚರ್ಮಕ್ಕೆ ತಾಗಿ, ಚರ್ಮದೊಡನೆಯೇ ಚಲಿಸಬೇಕು. ಹಿಂದೆ ಈ ಜಾಗದಲ್ಲಿ ಶಾಮ್ವಾ ಎಂಬ ಯುರೋಪಿನ ಬೆಟ್ಟದ ಮೇಕೆಯಂಥ ಪ್ರಾಣಿಯ ತೊಗಲನ್ನು ಹೊಲಿಯುತ್ತಿದ್ದರು; ತೊಳೆದು ಒಣಗಿಸಿದರೆ ಅದು ಅಟ್ಟೆಯಂತೆ ಬಿರುಸಾಗುತ್ತಿದ್ದುದರಿಂದ ಅದನ್ನು ಮೆದುಗೊಳಿಸಲು ಜಿಡ್ಡು ಸವರುತ್ತಿದ್ದರು. ಈಗಿನದು ಸಿಂಥೆಟಿಕ್ ಸ್ಪಂಜು. ನನ್ನದರಲ್ಲಿ ಮೂಳೆಗಳ ಕೆಳಗೆ ಗಟ್ಟಿಯಾಗಿಯೂ ಅಂಚಿನಲ್ಲಿ ತೆಳುವಾಗಿಯೂ ಇದೆ. ಅಂಗಡಿಯಲ್ಲಿ ಹೆಬ್ಬೆರಳಿನಿಂದ ಒತ್ತಿ ನೋಡಿ ದಪ್ಪ ಪ್ಯಾಡನ್ನು ಆರಿಸುವವರೇ ಹೆಚ್ಚು, ನಾನೂ ಹಾಗೆಯೇ ಮಾಡುತ್ತಿದ್ದೆ. ನೋಡಬೇಕಾದದ್ದು ದಪ್ಪವನ್ನಲ್ಲ, ತೊಡೆಯ ಒಳಬದಿಯಲ್ಲಿ ಹೊಲಿಗೆ ಎಲ್ಲಿ ಹಾದುಹೋಗಿದೆ ಎಂಬುದನ್ನು. ನಿಂತಾಗ ಡೈಪರು ಕಟ್ಟಿದಂತೆ ಅನಿಸಿದರೂ ಸೀಟಿನ ಮೇಲೆ ಬಾಗಿದ ಕೂಡಲೇ ಎಲ್ಲಿಯೂ ಸುಕ್ಕು ಬೀಳದೆ ಹೊಂದಿಕೊಂಡರೆ ಅಳತೆ ಸರಿಯಿದೆ ಎಂದರ್ಥ. ಭುಜಪಟ್ಟಿಯಿಂದ ಆಗುವ ಲಾಭವೆಂದರೆ ಚಡ್ಡಿ ಜಾರಿ ಪ್ಯಾಡು ಅತ್ತಿತ್ತ ಸರಿಯುವುದಿಲ್ಲ. ನಷ್ಟವೆಂದರೆ ಏಪ್ರಿಲ್ ತಿಂಗಳಲ್ಲಿ ಬೆನ್ನಿಗೆ ಇನ್ನೊಂದು ಪದರ ಸೆಕೆ, ಮತ್ತು ಮೂತ್ರಕ್ಕೆ ನಿಂತಾಗಲೆಲ್ಲ ಜೆರ್ಸಿ ಬಿಚ್ಚುವ ಪ್ರಸಂಗ.

ಒಳಉಡುಪು ಬಿಟ್ಟ ಮೇಲೆ ಎರಡು ತಿಂಗಳು ಒಂದು ತರಚೂ ಆಗಲಿಲ್ಲ. ಹುಣ್ಣಿನ ಕಥೆ ಮುಗಿಯಿತೆಂದು ಆಗಲೇ ವಿಮರ್ಶೆ ಬರೆದಿದ್ದರೆ ಐದಕ್ಕೆ ಐದು ಕೊಡುತ್ತಿದ್ದೆ, ಮತ್ತು ಅದು ಸುಳ್ಳಾಗುತ್ತಿತ್ತು. ಮೂರನೆಯ ತಿಂಗಳಲ್ಲಿ ಹುಣ್ಣು ಮರಳಿ ಬಂತು. ವಾಸಿಯಾಗಿ ಇಪ್ಪತ್ತು ದಿನಕ್ಕೆ ಮತ್ತೆ ಅದೇ ಜಾಗದಲ್ಲಿ, ಅದೂ ಪ್ರತಿ ಸಲವೂ ಬಲಗಡೆ ಮಾತ್ರ. ಈ ‘ಬಲಗಡೆ ಮಾತ್ರ’ ಎಂಬುದನ್ನು ನಾನು ಗಮನಿಸಿಯೂ ಅದರ ಅರ್ಥವನ್ನು ಯೋಚಿಸಿರಲಿಲ್ಲ. ಬಟ್ಟೆ ಅಥವಾ ಬೆವರೇ ಕಾರಣವಾಗಿದ್ದರೆ ಎರಡೂ ಕಡೆ ಆಗಬೇಕಿತ್ತು. ನನ್ನ ಸೈಕಲ್ ರಿಪೇರಿ ಮಾಡುವ ಹಿರಿಯರ ಬಳಿ ಬ್ರೇಕಿನ ಕೇಬಲ್ ಬದಲಿಸಲು ಹೋದಾಗ ಅವರು ನಾನು ಅಂಗಡಿಯ ಮುಂದೆ ಒಂದು ಸುತ್ತು ತುಳಿದದ್ದನ್ನು ಹಿಂದಿನಿಂದ ನೋಡಿ, “ಮೇಷ್ಟ್ರೇ, ಸೊಂಟ ಆ ಕಡೆ ಈ ಕಡೆ ಕುಣೀತೈತಿ, ಸೀಟು ಎತ್ರ ಆತು” ಎಂದರು. ಪೆಡಲು ಅತ್ಯಂತ ಕೆಳಗಿರುವಾಗ ಅದರ ಮೇಲೆ ಹಿಮ್ಮಡಿ ಇಟ್ಟರೆ ಮಂಡಿ ನೇರವಾಗಬೇಕು, ಸೊಂಟ ವಾಲಬಾರದು. ಹಾಗಿದ್ದರೆ ಪಾದದ ಮುಂಭಾಗದಿಂದ ತುಳಿಯುವಾಗ ಮಂಡಿ ಸ್ವಲ್ಪ ಮಡಚಿಯೇ ಇರುತ್ತದೆ. ನನ್ನ ಹಿಮ್ಮಡಿ ಪೆಡಲನ್ನು ಮುಟ್ಟುತ್ತಲೇ ಇರಲಿಲ್ಲ. ಪ್ರತಿ ಸುತ್ತಿಗೂ ಬಲಗಾಲು ಪೆಡಲನ್ನು ತಲುಪಲೆಂದು ಸೊಂಟ ಬಲಕ್ಕೆ ಜಾರುತ್ತಿತ್ತು, ಬಲಗಡೆಯ ಚರ್ಮ ಸೀಟಿನ ಅಂಚಿಗೆ ಉಜ್ಜುತ್ತಿತ್ತು. ಸೀಟನ್ನು 12 ಮಿ.ಮೀ. ಇಳಿಸಲಾಯಿತು, ಮೂತಿಯೂ ತುಸು ಎಡಕ್ಕೆ ತಿರುಗಿದ್ದುದನ್ನು ನೇರ ಮಾಡಲಾಯಿತು. ಖರ್ಚು ಏನೂ ಆಗಲಿಲ್ಲ, ಅವರು ಕೇಬಲ್ಲಿನ ದುಡ್ಡನ್ನಷ್ಟೇ ತೆಗೆದುಕೊಂಡರು.

ಅಂದಿನ ರಾತ್ರಿಯೇ ಮನೆಯಲ್ಲಿ ನನಗೆ ಬೇಕಾದ ಸೀಟಿನ ಅಗಲವನ್ನೂ ಅಳೆದೆ. ಪೆಟ್ಟಿಗೆಯ ರಟ್ಟಿನ ಒಂದು ತುಂಡನ್ನು ಗಟ್ಟಿ ಮೆಟ್ಟಿಲ ಮೇಲೆ ಹಾಸಿ, ಮಂಡಿಗಳನ್ನು ಎತ್ತಿ ಹಿಡಿದು ಅದರ ಮೇಲೆ ಬಲವಾಗಿ ಕುಳಿತೆದ್ದರೆ, ಕುಳಿತುಕೊಳ್ಳುವ ಎರಡು ಮೂಳೆಗಳ ಗುರುತು ರಟ್ಟಿನಲ್ಲಿ ತಗ್ಗಾಗಿ ಬೀಳುತ್ತದೆ. ಆ ಎರಡು ತಗ್ಗುಗಳ ನಡುಬಿಂದುಗಳ ಅಂತರ ನನಗೆ 124 ಮಿ.ಮೀ. ಬಂತು. ಸೀಟಿನ ಅಗಲ ಅದಕ್ಕಿಂತ ಸುಮಾರು 20 ಮಿ.ಮೀ. ಹೆಚ್ಚಿರಬೇಕೆಂಬ ರೂಢಿಯ ಲೆಕ್ಕದಂತೆ 145ರ ಆಸುಪಾಸಿನದು ಬೇಕಿತ್ತು. ಸೈಕಲ್ಲಿನ ಜೊತೆ ಬಂದದ್ದು 132. ಹೊಸ ಸೀಟಿಗೆ 1,900 ರೂಪಾಯಿ ಕೊಟ್ಟೆ. ನೋಡುವವರಿಗೆ ಅದು ಹಳೆಯದಕ್ಕಿಂತ ಗಟ್ಟಿ, ಕಲ್ಲಿನಂಥದು. ಆದರೆ ಬಲಗಡೆಯ ಹುಣ್ಣು ಅಂದಿನಿಂದ ಇಂದಿನವರೆಗೆ ಆ ಜಾಗಕ್ಕೆ ಮರಳಿಲ್ಲ. ಹಣ ಖರ್ಚು ಮಾಡುವ ಮನಸ್ಸಿರುವವರು ಚಡ್ಡಿಗಿಂತ ಮೊದಲು ಈ ಎರಡು ಅಳತೆಗಳನ್ನು ಮುಗಿಸಿಕೊಳ್ಳಬೇಕೆಂಬುದು ನನ್ನ ಅಭಿಪ್ರಾಯ.

ಹಾಗೆಂದು ಎಲ್ಲ ಹುಣ್ಣೂ ನಿಂತಿತೇ ಎಂದರೆ ಇಲ್ಲ. ಭಾನುವಾರದ ಸವಾರಿಯ ನಂತರ ಮಂಗಳವಾರದ ಹೊತ್ತಿಗೆ ಸಾಸಿವೆ ಗಾತ್ರದ ಗುಳ್ಳೆಗಳು ಏಳುತ್ತಿದ್ದವು, ವಾರದ ನಡುವಿನ ಸವಾರಿಗಳ ನಂತರ ಏಳುತ್ತಿರಲಿಲ್ಲ. ದೂರ ಹೆಚ್ಚಾದುದೇ ಕಾರಣವೆಂದುಕೊಂಡಿದ್ದೆ. ಒಂದು ಭಾನುವಾರ ಮನೆಯಲ್ಲಿ ಕಾರ್ಯವಿದ್ದ ಕಾರಣ 80 ಕಿ.ಮೀ. ಮುಗಿಸಿ ನೇರ ಮನೆಗೆ ಬಂದು ಸ್ನಾನ ಮಾಡಿದೆ, ಅಂದು ಏನೂ ಏಳಲಿಲ್ಲ. ಉಳಿದ ಭಾನುವಾರಗಳಿಗೂ ಆ ಭಾನುವಾರಕ್ಕೂ ಇದ್ದ ವ್ಯತ್ಯಾಸ ಬೆಣ್ಣೆದೋಸೆ. ನಮ್ಮ ಗುಂಪು ಸವಾರಿ ಮುಗಿಸಿ ದೋಸೆಯ ಹೋಟೆಲಿಗೆ ಹೋದರೆ, ಜಾಗ ಸಿಗುವುದಕ್ಕೆ ಅರ್ಧ ಗಂಟೆ, ದೋಸೆ ಬರುವುದಕ್ಕೆ ಇಪ್ಪತ್ತು ನಿಮಿಷ, ಎರಡನೆಯ ದೋಸೆ, ಕಾಫಿ, ಹರಟೆ, ಹೀಗೆ ಒಂದೂವರೆ ಗಂಟೆ ಒದ್ದೆ ಪ್ಯಾಡಿನ ಮೇಲೆಯೇ ಕುಳಿತಿರುತ್ತಿದ್ದೆವು. ಬೆವರಿನಲ್ಲಿ ನೆನೆದ ಸ್ಪಂಜು ಮೈಬಿಸಿಗೆ ಬ್ಯಾಕ್ಟೀರಿಯಾ ಬೆಳೆಯಲು ಹೇಳಿ ಮಾಡಿಸಿದ ಜಾಗ. ದೋಸೆಯನ್ನು ಬಿಡುವ ಪ್ರಶ್ನೆ ದಾವಣಗೆರೆಯಲ್ಲಿ ಏಳುವುದಿಲ್ಲವಾದ್ದರಿಂದ ಈಗ ಚೀಲದಲ್ಲಿ ಒಂದು ತೆಳು ಪಂಚೆ, ಹತ್ತಿಯ ಒಳಚಡ್ಡಿ ಮತ್ತು ಒದ್ದೆ ಬಟ್ಟೆಯ ತುಂಡು ಇಟ್ಟುಕೊಂಡಿರುತ್ತೇನೆ. ಹೋಟೆಲಿನ ಬಚ್ಚಲಿನಲ್ಲಿ ಒರೆಸಿಕೊಂಡು ಬದಲಿಸಿ, ಪಂಚೆ ಸುತ್ತಿಕೊಂಡು ಹೆಲ್ಮೆಟ್ಟಿನ ಪಕ್ಕ ಕೂರುತ್ತೇನೆ. ಮೊದಲು ನಕ್ಕವರಲ್ಲಿ ಈಗ ಮೂವರು ಪಂಚೆ ತರುತ್ತಾರೆ.

ತೊಳೆಯುವ ವಿಷಯದಲ್ಲಿ ರಿಯಾಯಿತಿಯಿಲ್ಲ. ಒಂದು ಸವಾರಿಗೆ ತೊಟ್ಟ ಚಡ್ಡಿಯನ್ನು ತೊಳೆಯದೆ ಎರಡನೆಯ ಸವಾರಿಗೆ ತೊಡಬಾರದು. ತಣ್ಣೀರು, ಸ್ವಲ್ಪ ಸೋಪು, ಚೆನ್ನಾಗಿ ಜಾಲಾಡುವುದು, ಒಳಮೈ ಹೊರಗೆ ಮಾಡಿ ಗಾಳಿಗೆ ಹಾಕುವುದು. ಬಟ್ಟೆ ಮೆದುಗೊಳಿಸುವ ದ್ರಾವಣವನ್ನು ಹಾಕಿದರೆ ನೂಲು ಬೆವರೆಳೆಯುವ ಗುಣವನ್ನು ಕಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ಪ್ಯಾಡು ಒಂದು ದಿನಕ್ಕೆ ಒಣಗುವುದೇ ಇಲ್ಲ, ಹಾಗಾಗಿ ಒಂದೇ ಚಡ್ಡಿಯಲ್ಲಿ ದಿನ ಬಿಟ್ಟು ದಿನ ತುಳಿಯುತ್ತೇನೆ ಎನ್ನುವವರು ಆ ಲೆಕ್ಕವನ್ನು ಜೂನ್‌ಗೆ ಮುಂಚೆಯೇ ಮಾಡಿಕೊಳ್ಳಬೇಕು. ಪ್ಯಾಡಿಗೆ ಹಚ್ಚುವ ಕ್ರೀಮನ್ನು ಒಂದು ಡಬ್ಬಿ ಮುಗಿಸಿದೆ; 60 ಕಿ.ಮೀ. ಮೀರಿದ ದಿನಗಳಲ್ಲಿ ಉಜ್ಜುವಿಕೆ ಕಡಿಮೆಯಾಗುವುದು ನಿಜ, ಅದಕ್ಕಿಂತ ಕಡಿಮೆ ದೂರಕ್ಕೆ ಅನಾವಶ್ಯಕ. ಪೆಟ್ರೋಲಿಯಂ ಜೆಲ್ಲಿ ಅದೇ ಕೆಲಸವನ್ನು ಕಾಲು ಭಾಗದ ಬೆಲೆಗೆ ಮಾಡುತ್ತದೆ, ಆದರೆ ಪ್ಯಾಡಿನಿಂದ ಅದರ ಜಿಡ್ಡು ಬಿಡಿಸುವುದು ಸುಲಭವಲ್ಲ.

ಹುಣ್ಣು ಎದ್ದ ಮೇಲೆ ಸವಾರಿ ಮುಂದುವರಿಸಬಹುದೇ ಎಂಬ ಪ್ರಶ್ನೆಗೆ ನನ್ನ ಉತ್ತರ ಹುಣ್ಣನ್ನು ನೋಡಿ ಬದಲಾಗುತ್ತದೆ. ಬರೀ ಕೆಂಪು ಅಥವಾ ತರಚು ಇದ್ದರೆ ದೂರವನ್ನು ಅರ್ಧಕ್ಕಿಳಿಸಿ, ಹತ್ತು ನಿಮಿಷಕ್ಕೊಮ್ಮೆ ಪೆಡಲಿನ ಮೇಲೆ ಎದ್ದು ನಿಂತು, ಮನೆಗೆ ಬಂದ ಕೂಡಲೇ ತೊಳೆದು ಒಣಗಿಸಿಕೊಂಡು ತುಳಿದಿದ್ದೇನೆ. ಮುಟ್ಟಿದರೆ ನೋಯುವ ಗುಳ್ಳೆಯಿದ್ದರೆ ಎರಡು ಮೂರು ದಿನ ಸೈಕಲ್ ಮುಟ್ಟದೆ, ದಿನಕ್ಕೆ ಮೂರು ನಾಲ್ಕು ಬಾರಿ ಹತ್ತು ಹದಿನೈದು ನಿಮಿಷ ಬೆಚ್ಚನೆಯ ನೀರಿನ ಬಟ್ಟೆಯ ಶಾಖ ಕೊಡುತ್ತೇನೆ. ಹಿಸುಕಿದರೆ ಕೀವು ಒಳಕ್ಕೂ ಹರಡಬಹುದು. ಗಟ್ಟಿಯಾದ ಕುರು, ಹರಡುತ್ತಿರುವ ಕೆಂಪು, ಜ್ವರ, ಇವುಗಳಲ್ಲಿ ಒಂದಿದ್ದರೂ ಸವಾರಿ ನಿಲ್ಲಿಸಿ ವೈದ್ಯರ ಬಳಿ ಹೋಗಬೇಕು, ಸಕ್ಕರೆ ಕಾಯಿಲೆಯವರು ಅಷ್ಟನ್ನೂ ಕಾಯಬಾರದು. 1987ರ ಸ್ಪೇನ್ ಸೈಕಲ್ ರೇಸಿನಲ್ಲಿ ಮುಂಚೂಣಿಯಲ್ಲಿದ್ದ ಐರ್ಲೆಂಡಿನ ಶಾನ್ ಕೆಲ್ಲಿ ಈ ಹುಣ್ಣಿಗಾಗಿಯೇ ನಡುವೆ ಇಳಿದುಬಿಟ್ಟರು. 1989ರ ಟೂರ್ ಡಿ ಫ್ರಾನ್ಸ್‌ನ ಕೊನೆಯ ದಿನ ಫ್ರಾನ್ಸಿನವರೇ ಆದ ಲೊರಾನ್ ಫಿನ್ಯೋ ಇದೇ ನೋವಿನಲ್ಲಿ ತುಳಿದು ಒಟ್ಟಾರೆ 8 ಸೆಕೆಂಡುಗಳಿಂದ ಸೋತರು. ಕೊಂಡಜ್ಜಿಗೆ ಹೋಗಿ ಬರುವ ನಮಗೆ ಮೂರು ದಿನದ ವಿಶ್ರಾಂತಿಯಿಂದ ಕಳೆದುಕೊಳ್ಳುವ ಕಿರೀಟ ಯಾವುದೂ ಇಲ್ಲ.

ಇಲ್ಲಿ ನನ್ನ ಒಂದು ತಪ್ಪನ್ನೂ ಹೇಳಬೇಕು. ಕಳೆದ ವರ್ಷ ತೊಡೆಸಂದಿನಲ್ಲಿ ತುರಿಕೆ ಎದ್ದಾಗ ವೈದ್ಯರಿಗೆ ತೋರಿಸದೆ ಔಷಧಿ ಅಂಗಡಿಯೊಂದರಲ್ಲಿ ಕೇಳಿ ಒಂದು ಮಿಶ್ರ ಮುಲಾಮು ತಂದೆ. ಎರಡೇ ದಿನಕ್ಕೆ ಕೆಂಪು ಮಾಯವಾಯಿತು, ಮುಲಾಮು ನಿಲ್ಲಿಸಿದ ವಾರಕ್ಕೆ ಎರಡರಷ್ಟು ಜಾಗದಲ್ಲಿ ಮರಳಿತು. ಚರ್ಮರೋಗ ತಜ್ಞರು ಟ್ಯೂಬನ್ನು ನೋಡಿದ ಕೂಡಲೇ ಬದಿಗಿಟ್ಟರು. ನನಗಿದ್ದುದು ಸೀಟಿನ ಹುಣ್ಣೇ ಅಲ್ಲ, ಹುಳುಕಡ್ಡಿ. ಮುಲಾಮಿನಲ್ಲಿದ್ದ ಸ್ಟೀರಾಯ್ಡು ಉರಿಯೂತವನ್ನಷ್ಟೇ ಅಡಗಿಸಿ, ಒಳಗೆ ಶಿಲೀಂಧ್ರ ಹಬ್ಬಲು ಬಿಟ್ಟಿತ್ತು, ಜೊತೆಗೆ ಚರ್ಮವನ್ನೂ ತೆಳುವಾಗಿಸಿತ್ತು. ಉಂಗುರದಂತೆ ಅಂಚು ಕೆಂಪಾಗಿ, ತುರಿಸುತ್ತ ಹೊರಕ್ಕೆ ಬೆಳೆಯುವುದು ಹುಳುಕಡ್ಡಿ. ಒಂದೇ ಬಿಂದುವಿನಲ್ಲಿ ನೋಯುತ್ತ ಉಬ್ಬುವುದು ಸೀಟಿನ ಹುಣ್ಣು. ಎರಡೂ ತೇವಕ್ಕೇ ಬರುತ್ತವೆ, ಎರಡರ ಔಷಧಿ ಬೇರೆ. ಆ ಅಜಾಗರೂಕತೆಗೆ ಐದು ವಾರ ಸೈಕಲ್ ಮೂಲೆಯಲ್ಲಿ ನಿಂತಿತು.

ಚಡ್ಡಿಗೆ ಅತಿ ಕಠಿಣ ಪರೀಕ್ಷೆಯಾದದ್ದು ದೂರದಿಂದಲ್ಲ, ಆಷಾಢದ ಗಾಳಿಯಿಂದ. ಚಿತ್ರದುರ್ಗದ ಜೋಗಿಮಟ್ಟಿಯ ಗಾಳಿಯಂತ್ರಗಳನ್ನು ತಿರುಗಿಸುವ ಅದೇ ಪಡುವಣ ಗಾಳಿ, ಅಲ್ಲಿಂದ ದಾವಣಗೆರೆಗೆ ಮರಳುವವರ ಎದೆಗೆ ಬಡಿಯುತ್ತದೆ. ಎದ್ದು ನಿಂತರೆ ಗಾಳಿ ತಡೆಯುತ್ತದೆಂದು ಬಾಗಿ ಕುಳಿತೇ ತುಳಿಯುತ್ತೇವೆ. ಬಾಗಿದಷ್ಟೂ ಭಾರ ಮೂಳೆಗಳಿಂದ ಮುಂದಕ್ಕೆ ಜಾರುತ್ತದೆ. ಎರಡು ಗಂಟೆಯ ದಾರಿಗೆ ಮೂರೂವರೆ ಗಂಟೆ ಹಿಡಿದ ಒಂದು ದಿನ, ಎಲ್ಲ ಎಚ್ಚರಿಕೆಯ ನಡುವೆಯೂ ಎರಡೂ ಕಡೆ ಚರ್ಮ ಕಿತ್ತಿತು. ಅಲ್ಲಿಂದೀಚೆಗೆ ಗಾಳಿ ಎಷ್ಟೇ ಇರಲಿ, ಭರಮಸಾಗರದ ಬಳಿ ಇಳಿದು ಚಹಾ ಕುಡಿದೇ ಮುಂದೆ ಹೋಗುತ್ತೇನೆ.

ಬಾಳಿಕೆಯ ಮಾತು ಉಳಿದಿದೆ. ಸುಮಾರು 7,000 ಕಿ.ಮೀ.ವರೆಗೆ ಪ್ಯಾಡು ಒತ್ತಿದರೆ ಮೇಲೆದ್ದು ಬರುತ್ತಿತ್ತು, ಈಗ ಬೆರಳಿನ ಗುರುತು ಹಾಗೆಯೇ ಉಳಿಯುತ್ತದೆ. ಹಿಂಭಾಗದ ಬಟ್ಟೆ ಬೆಳಕಿಗೆ ಹಿಡಿದರೆ ಜಾಲರಿಯಂತೆ ಕಾಣುತ್ತದೆ. ಹಿಂದೆ ಬರುವವರ ಮರ್ಯಾದೆಗಾಗಿಯಾದರೂ ನಿವೃತ್ತಿ ಕೊಡಬೇಕು. ನಮ್ಮ ಗುಂಪಿನಲ್ಲಿ ತುಳಿಯುವ ಮಹಿಳಾ ಸಹೋದ್ಯೋಗಿಯೊಬ್ಬರು ಮೊದಲು ಗಂಡಸರ ಚಡ್ಡಿಯನ್ನೇ ತರಿಸಿ ಕಷ್ಟಪಟ್ಟರು. ಹೆಂಗಸರ ಚಡ್ಡಿಯಲ್ಲಿ ಪ್ಯಾಡಿನ ಆಕಾರವೇ ಬೇರೆಯಾದ್ದರಿಂದ ಅದನ್ನೇ ಕೇಳಿ ಕೊಳ್ಳಬೇಕು. ನನ್ನ ಎರಡನೆಯ ಚಡ್ಡಿಗೆ 3,000 ರೂಪಾಯಿ ತೆಗೆದಿಟ್ಟಿದ್ದೇನೆ. ಈ ಬಾರಿ ಒಂದರ ಬದಲು ಅದೇ ಹಣಕ್ಕೆ ಸಾಧಾರಣ ಗುಣಮಟ್ಟದ ಎರಡನ್ನು ತರಿಸುವವನಿದ್ದೇನೆ, ಶ್ರಾವಣ ಮುಗಿಯುವವರೆಗೂ ಒಂದು ಹಗ್ಗದ ಮೇಲೆಯೇ ಇರುತ್ತದೆ.