160, 180, 240: ದಾವಣಗೆರೆ ಬಿಸಿಲಿನಲ್ಲಿ ಮೂರು ಟೀ ಶರ್ಟ್

ಒಂದೇ ಕಂಪನಿಯ ಮಾಲು, ಒಂದೇ ಕಡುನೀಲಿ ಬಣ್ಣ, ಮೂರೂ ಎಲ್ ಸೈಜು, ಮೂರೂ ನೂರಕ್ಕೆ ನೂರು ಕಾಟನ್. ಬಟ್ಟೆಯ ತೂಕ ಮಾತ್ರ ಬೇರೆ ಬೇರೆ: 160, 180, 240 ಜಿಎಸ್‌ಎಂ. ಎರಡು ಬೇಸಿಗೆ ದಾಟುವಷ್ಟು ಕಾಲ ಮೂರನ್ನೂ ಸರದಿ ಮೇಲೆ ಹಾಕಿದ ಮೇಲೆ ಬರೆಯುತ್ತಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ, ನಮ್ಮೂರಿನ ಹವೆಗೆ 180 ಸಾಕು. ನೋಟಕ್ಕೆ ಮಾತ್ರ 240ನ್ನು ಮೀರಿಸುವುದು ಉಳಿದೆರಡಕ್ಕೂ ಆಗಲಿಲ್ಲ.

ಜಿಎಸ್‌ಎಂ ಎಂದರೆ ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗುತ್ತದೆ ಎಂಬ ಲೆಕ್ಕ. ಮಿಲ್ಲಿನವರು 100 ಚದರ ಸೆಂಟಿಮೀಟರಿನ ದುಂಡನೆಯ ತುಂಡು ಕತ್ತರಿಸಿ, ತೂಗಿ, ಬಂದ ತೂಕವನ್ನು ನೂರರಿಂದ ಗುಣಿಸುತ್ತಾರೆ. ಹಾಗಾಗಿ ಇಡೀ ಅಂಗಿಯನ್ನು ಅಡುಗೆಮನೆಯ ತಕ್ಕಡಿಗೆ ಹಾಕಿದರೆ ಜಿಎಸ್‌ಎಂ ಸಿಗುವುದಿಲ್ಲ. ಸೈಜು ದೊಡ್ಡದಾದರೆ ಬಟ್ಟೆ ಹೆಚ್ಚು, ತೂಕವೂ ಹೆಚ್ಚು.

160 ಹಾಕಿಕೊಂಡು ಕನ್ನಡಿ ಮುಂದೆ ನಿಂತರೆ ಬಟ್ಟೆಗಿಂತ ಮೈಯೇ ಎದ್ದು ಕಾಣುತ್ತದೆ. ಎದೆಯ ಮೇಲೆ ಅಂಟುತ್ತದೆ, ಹೊಟ್ಟೆಯ ಮಡಿಕೆ ಹೊರಗೆ ಮೂಡುತ್ತದೆ, ಬೆವರು ಬಂದರೆ ಬೆನ್ನಿಗೆ ಹತ್ತಿಕೊಳ್ಳುತ್ತದೆ. ಬಿಳಿ ಬಣ್ಣದ್ದಾದರೆ ಒಳಗಿನ ಬನಿಯನ್ನಿನ ಪಟ್ಟಿಯೂ ಕಾಣುತ್ತದೆ. ನನಗೆ ಸ್ವಲ್ಪ ಹೊಟ್ಟೆ ಇದೆ, ನನ್ನ ಮೇಲೆ ಅದು ಚೆನ್ನಾಗಿ ಕಾಣುವುದಿಲ್ಲ. ಅದೇ ಅಂಗಿ ಸಪೂರ ಮೈಯ ನನ್ನ ತಮ್ಮನಿಗೆ ಹಗುರವಾಗಿ, ಚೆಂದವಾಗಿ ಬೀಳುತ್ತದೆ.

240 ಇದಕ್ಕೆ ಪೂರ್ತಿ ಉಲ್ಟಾ. ಭುಜದ ಹೊಲಿಗೆಯಿಂದ ನೇರ ಕೆಳಗಿಳಿಯುತ್ತದೆ, ಹೊಟ್ಟೆಯ ಹತ್ತಿರ ಒಳಗೆ ಹೋಗದೆ ತನ್ನ ಪಾಡಿಗೆ ನಿಲ್ಲುತ್ತದೆ. ತೋಳಿನ ಅಂಚನ್ನೇ ಗಮನಿಸಿ: 160ರಲ್ಲಿ ಅದು ತೋಳಿಗೆ ಸುತ್ತಿಕೊಂಡು ಸುರುಳಿಯಾಗುತ್ತದೆ, 240ರಲ್ಲಿ ತೋಳಿನಿಂದ ಎರಡು ಬೆರಳು ದೂರ ನಿಂತು ಗೆರೆ ಎಳೆದ ಹಾಗೆ ಇರುತ್ತದೆ. ಅಗಲ ಭುಜದ ಓವರ್‌ಸೈಜ್ ಅಂಗಿಗಳನ್ನು ದಪ್ಪ ಬಟ್ಟೆಯಲ್ಲಿ ಹೊಲಿಯುವುದು ಇದೇ ಕಾರಣಕ್ಕೆ. ತೆಳು ಬಟ್ಟೆಯಲ್ಲಿ ಅದೇ ಅಳತೆಗೆ ಹೊಲಿದರೆ ಬೇರೆ ಯಾರದೋ ಅಂಗಿ ತೊಟ್ಟ ಹಾಗೆ ಜೋತುಬೀಳುತ್ತದೆ. ಆದರೆ ಮೈಗೆ ಸರಿಯಾಗಿ ಕೂರುವ ಅಳತೆ ಬೇಕೆನ್ನುವವರು 240 ತೆಗೆದುಕೊಂಡರೆ ಕಂಕುಳಲ್ಲಿ ಬಟ್ಟೆ ಗುಡ್ಡೆಯಾಗುತ್ತದೆ, ಕೈ ಎತ್ತಿದರೆ ಇಡೀ ಅಂಗಿಯೇ ಮೇಲೆ ಬರುತ್ತದೆ.

ಇನ್ನು ಬಿಸಿಲು. ಮಾರ್ಚ್ ಕಳೆದ ಮೇಲೆ ಮಧ್ಯಾಹ್ನ ಮಂಡಿಪೇಟೆಯಲ್ಲಿ 240 ಹಾಕಿಕೊಂಡು ಓಡಾಡುವುದು ಶಿಕ್ಷೆ. ಬೆವರನ್ನೆಲ್ಲ ಹೀರಿಕೊಳ್ಳುತ್ತದೆ ನಿಜ, ಆದರೆ ಬೇಗ ಬಿಡುವುದಿಲ್ಲ, ಬೆನ್ನು ಒದ್ದೆಯಾಗಿಯೇ ಇರುತ್ತದೆ. ಡಿಸೆಂಬರ್, ಜನವರಿಯ ಬೆಳಗ್ಗೆ ಕುಂದವಾಡ ಕೆರೆಯ ಸುತ್ತ ನಡೆಯಲು ಹೋಗುವಾಗ ಮಾತ್ರ ಅದರಷ್ಟು ಹಿತ ಇನ್ನೊಂದಿಲ್ಲ. 180 ಈ ಎರಡರ ನಡುವೆ ನಿಲ್ಲುತ್ತದೆ: ಹೊಟ್ಟೆಗೆ ಅಂಟುವುದಿಲ್ಲ, ಏಪ್ರಿಲ್ ಮಧ್ಯಾಹ್ನವನ್ನೂ ತಡೆದುಕೊಳ್ಳಬಹುದು, ಸಂಜೆ ಒಗೆದು ಹಾಕಿದರೆ ಬೆಳಗ್ಗೆ ಆಫೀಸಿಗೆ ಸಿದ್ಧ.

ನಾನು ಒತ್ತಿ ಹೇಳಬೇಕೆಂದಿರುವುದು ಇದು. "ಬಟ್ಟೆ ದಪ್ಪ ಐತಿ ನೋಡ್ರಿ, ಬಾಳಿಕೆ ಬರ್ತತಿ" ಎಂದು ಅಂಗಡಿಯವರು ಹೇಳುತ್ತಾರೆ. ತೂಕದಿಂದ ಗೊತ್ತಾಗುವುದು ಬಟ್ಟೆ ಹೇಗೆ ಬೀಳುತ್ತದೆ ಎನ್ನುವುದಷ್ಟೇ. ಬಾಳಿಕೆ ನೂಲು ಮತ್ತು ಹೆಣಿಗೆಯ ಮೇಲಿದೆ. ನೂಲು ಎಷ್ಟು ತೆಳು ಎಂದು ಹೇಳುವ ಸಂಖ್ಯೆಗೆ ಕೌಂಟ್ ಎನ್ನುತ್ತಾರೆ, ಅದು ಹೆಚ್ಚಾದಷ್ಟೂ ನೂಲು ತೆಳು. 30 ಕೌಂಟ್ ನೂಲಿನ ಒಳ್ಳೆಯ ಕೋಂಬ್ಡ್ ಕಾಟನ್ (ಬಾಚಿ ಗಿಡ್ಡ ಎಳೆಗಳನ್ನು ತೆಗೆದ ಹತ್ತಿ) ತೆಳುವಾಗಿದ್ದರೂ ನಯವಾಗಿಯೇ ಹಳೆಯದಾಗುತ್ತದೆ. ದಪ್ಪ, ಒರಟು ನೂಲಿನ ಅಂಗಿಗೆ ಕೆಲವೇ ಒಗೆತದಲ್ಲಿ ಜುಂಗು ಏಳುತ್ತದೆ. ಬಯೋವಾಶ್ ಎಂದು ಬರೆದಿದ್ದರೆ ಎಂಜೈಮ್ ಹಾಕಿ ಮೇಲಿನ ಆ ಜುಂಗನ್ನು ಮೊದಲೇ ತೆಗೆದಿದ್ದಾರೆ ಎಂದರ್ಥ. ಹತ್ತಿ ಮಿಲ್ಲುಗಳಿಂದ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡ ಊರು ನಮ್ಮದು, ಬರೀ ದಪ್ಪ ನೋಡಿ ದುಡ್ಡು ಕೊಡುವುದು ನಮಗಂತೂ ಸಲ್ಲದು.

ನನ್ನ ಮೂರರಲ್ಲಿ ಮೊದಲು ಕೆಟ್ಟದ್ದು 240ರ ಕಾಲರ್. ಬಟ್ಟೆ ಗಟ್ಟಿಯಾಗಿದೆ, ಆದರೆ ಕುತ್ತಿಗೆಯ ರಿಬ್ ಪಟ್ಟಿ (ಜಗ್ಗಿದರೆ ಹಿಗ್ಗುವ ಗೆರೆಗೆರೆ ಹೆಣಿಗೆ) ತೆಳು, ಒಂದು ವರ್ಷದಲ್ಲೇ ಅಲೆಅಲೆಯಾಯಿತು. ದಪ್ಪ ಬಟ್ಟೆಗೆ ಅಷ್ಟೇ ಗಟ್ಟಿ ರಿಬ್ ಬೇಕು, ಹಿಗ್ಗುವ ನೂಲಾದ ಲೈಕ್ರಾ ಸ್ವಲ್ಪ ಇದ್ದರೆ ಇನ್ನೂ ಒಳ್ಳೆಯದು. ಕಂಪನಿಗೆ ಬರೆದೆ, ಉತ್ತರ ಬರಲಿಲ್ಲ. 160ರಲ್ಲಿ ಪಕ್ಕದ ಹೊಲಿಗೆ ತಿರುಚಿಕೊಂಡು ಮುಂದಕ್ಕೆ ಬಂದಿದೆ. ಸಿಂಗಲ್ ಜೆರ್ಸಿ, ಅಂದರೆ ಟೀ ಶರ್ಟಿಗೆ ಬಳಸುವ ಒಂದೇ ಪದರದ ಹೆಣಿಗೆ ಬಟ್ಟೆಯ ಹಳೇ ರೋಗ ಅದು. 180ರಲ್ಲಿ ಹೇಳಿಕೊಳ್ಳುವಂಥ ದೋಷವಿಲ್ಲ, ಬಣ್ಣ ಮಾತ್ರ ಒಂದು ಸುತ್ತು ಇಳಿದಿದೆ.

ಕೊಳ್ಳುವಾಗ ಉದ್ದ ನೋಡಿಕೊಳ್ಳಿ. ಹತ್ತಿಯ ಬಟ್ಟೆ ಶೇಕಡಾ 5 ಕುಗ್ಗಿದರೂ 28 ಇಂಚಿನ ಅಂಗಿ ಸುಮಾರು ಒಂದೂವರೆ ಇಂಚು ಗಿಡ್ಡವಾಗುತ್ತದೆ. ಪ್ರೀ-ಶ್ರಂಕ್ (ಮೊದಲೇ ಕುಗ್ಗಿಸಿದ್ದು) ಎಂದು ಬರೆದಿರದಿದ್ದರೆ ಉದ್ದದಲ್ಲಿ ಅಷ್ಟು ಸಡಿಲ ಇಟ್ಟುಕೊಳ್ಳಿ.

ಮುಂದಿನ ಬಾರಿಗೆ 180ರಲ್ಲಿ ಎರಡು ತರಿಸುತ್ತಿದ್ದೇನೆ. 240 ಇನ್ನೊಂದು ಬೇಕು, ಆದರೆ ಕಾಲರ್ ಕೈಯಲ್ಲಿ ಹಿಡಿದು ಜಗ್ಗಿ ನೋಡದೆ ಕೊಳ್ಳುವುದಿಲ್ಲ. ಈಗಾಗಲೇ 240 ಇಟ್ಟುಕೊಂಡವರು ಒಗೆದ ಮೇಲೆ ಹ್ಯಾಂಗರಿಗೆ ಹಾಕಬೇಡಿ, ನೀರಿನ ಭಾರಕ್ಕೆ ಭುಜ ಜಗ್ಗಿ ಉಬ್ಬು ಬೀಳುತ್ತದೆ. ಒಳಮಗ್ಗುಲು ಮೇಲೆ ಮಾಡಿ, ನಡುವಿಗೆ ಮಡಚಿ ತಂತಿಯ ಮೇಲೆ ಹಾಕಿ.