ಗದ್ದೆಯೊಳಗಿನ ಕಣಿಯೋ, ಮೂಲೆಯ ಕೆರೆಯೋ?

ಮೊದಲೇ ಹೇಳಿಬಿಡುತ್ತೇನೆ, ಭತ್ತದ ಜೊತೆ ಮೀನು ಸಾಕುವುದಾದರೆ ನನ್ನ ಮತ ಕೆರೆಗೆ. ಕಾಸರಗೋಡಿನ ಕುಂಬಳೆ ಕಡೆಯ ನಮ್ಮ ಬೈಲುಗದ್ದೆಯಲ್ಲಿ (ತಗ್ಗಿನ ಗದ್ದೆ) ಎರಡೂ ರೀತಿಯಲ್ಲಿ ಮೀನು ಸಾಕಿ ನೋಡಿದ್ದೇನೆ. ಹುಣಿಯ (ಗದ್ದೆಯ ಬದು) ಪಕ್ಕದಲ್ಲೇ ಕಣಿ, ಅಂದರೆ ಉದ್ದನೆಯ ಕಾಲುವೆ ತೋಡಿ ಏಣೆಲು (ಮಳೆಗಾಲದ ಬೆಳೆ) ಭತ್ತದ ನಡುವೆ ಮೀನು ಬಿಡುವುದು ಒಂದು. ತಗ್ಗಿನ ಮೂಲೆಯಲ್ಲಿ ಕೆರೆ ತೋಡಿ, ಮೀನನ್ನು ಅಲ್ಲೇ ಇಟ್ಟು, ನೀರನ್ನಷ್ಟೇ ಬೆಳೆಗೆ ಕೊಡುವುದು ಇನ್ನೊಂದು.

ಕಣಿ ಅಗ್ಗ. ಗದ್ದೆಯ ಹತ್ತರಲ್ಲೊಂದು ಪಾಲು ಜಾಗ ಸಾಕು. ಮೀನು ಪೈರಿನ ಸಾಲಿನೊಳಗೆ ಓಡಾಡಿ ಹುಳ ತಿನ್ನುತ್ತದೆ, ಅದರ ಹಿಕ್ಕೆ ಗೊಬ್ಬರವಾಗುತ್ತದೆ. ಇಷ್ಟೂ ನಿಜ.

ತೊಂದರೆ ಇರುವುದು ನೀರು ಹೊರಹೋಗುವ ತೂಬಿಗೆ ಮೀನು ತಪ್ಪಿಸಿಕೊಳ್ಳದಂತೆ ಕಟ್ಟುವ ಬಲೆಯಲ್ಲಿ. ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ನೊಳಗೆ. ಸಣ್ಣ ಕಣ್ಣಿನ ಬಲೆ ಕಟ್ಟಿದರೆ ಪಾಚಿ, ಒಣಹುಲ್ಲು, ಎಲ್ಲಿಂದಲೋ ತೇಲಿಬಂದ ಅಡಕೆ ಹಾಳೆ ಎಲ್ಲವೂ ಅಂಟಿಕೊಂಡು ನೀರು ಹುಣಿ ಹಾರುತ್ತದೆ. ದೊಡ್ಡ ಕಣ್ಣಿನದಾದರೆ ಮರಿಗಳು ಮೆರವಣಿಗೆಯಲ್ಲಿ ಹೊರಡುತ್ತವೆ. ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ನಡುರಾತ್ರಿ ಟಾರ್ಚ್ ಹಿಡಿದು, ಮೊಣಕಾಲುದ್ದ ಕೆಸರಿನಲ್ಲಿ ನಿಂತು ಬಲೆಯ ಕಸ ಬಾಚುವುದು ನನ್ನ ಪಾಲಿಗೆ ಬಂದ ಕೆಲಸ. ಬಾಚಿ ಮನೆ ಸೇರುವಷ್ಟರಲ್ಲಿ ಮತ್ತೆ ಕಟ್ಟಿಕೊಂಡಿರುತ್ತದೆ. ಬಿದಿರಿನ ತಡಿಕೆಯನ್ನು ಮುಂದೆ ಓರೆಯಾಗಿ ನಿಲ್ಲಿಸಿದಾಗ ಸ್ವಲ್ಪ ವಾಸಿಯಾಯಿತು. ಆಮೇಲೆ ಏಡಿ ಹುಣಿಯನ್ನೇ ಕೊರೆಯಿತು! ಕೆಳಗಿನ ಗದ್ದೆಯವರು, "ಅಣ್ಣಾ, ಇವತ್ತು ನಮ್ಮಲ್ಲಿ ನಿಮ್ಮದೇ ಮೀನಿನ ಸಾರು" ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಮೇಲಿನ ಗದ್ದೆಯವರು ಔಷಧಿ ಹೊಡೆದರೆ ಅಲ್ಲಿಗೆ ಮುಗಿಯಿತು. ಭತ್ತದ ನಾಲ್ಕು ತಿಂಗಳಲ್ಲಿ ಕಾಟ್ಲಾ, ರೋಹು ಮಾರುವ ಗಾತ್ರಕ್ಕೆ ಬರುವುದೂ ಇಲ್ಲ.

ಕೆರೆಯ ಏರಿಯನ್ನು ನೆರೆ ಮುಟ್ಟದಷ್ಟು ಎತ್ತರಿಸಿದರೆ ರಾತ್ರಿ ನಿದ್ದೆ ಬರುತ್ತದೆ. ನೀರುಕಾಗೆಗೆ ಮೇಲೊಂದು ಬಲೆ ಬೇಕು. ಮೋಡ ಕವಿದ ಬೆಳಗ್ಗೆ ನೀರಿನಲ್ಲಿ ಆಮ್ಲಜನಕ ಸಾಲದೆ ಮೀನು ಮೇಲೆ ಬಂದು ಬಾಯಿ ತೆರೆದರೆ ಪಂಪು ಹಾಕಿ ನೀರು ಚಿಮ್ಮಿಸಬೇಕು. ಕೊಯ್ಲಾದ ಮೇಲೆ ಅದೇ ನೀರು ಸೌತೆ, ಅಲಸಂಡೆಗೆ. ವಿಷುವಿನ ಹೊತ್ತಿಗೆ ನೀರು ಇಳಿದಾಗ ಮೀನು ಹಿಡಿದು, ತಳದ ಕೆಸರನ್ನು ಗದ್ದೆಗೆ ಹಾಕುತ್ತೇನೆ. ಜೆಸಿಬಿಯ ಬಾಡಿಗೆ ಮಾತ್ರ ಜೇಬು ಸುಡುತ್ತದೆ. ನೆರೆಮನೆಯ ಕೆಲಸಕ್ಕೆ ಯಂತ್ರ ಬಂದ ದಿನವೇ ತೋಡಿಸಿದ್ದರಿಂದ ನನಗೆ ಸಾಗಿಸುವ ಖರ್ಚು ಉಳಿಯಿತು.

ಮಳೆಗಾಲಕ್ಕೆ ಭತ್ತ, ಆಮೇಲೆ ಸಿಗಡಿ ಎಂಬ ಕೈಪಾಡು ಪದ್ಧತಿ ಉಪ್ಪುನೀರು ಏರಿ ಇಳಿಯುವ ಗದ್ದೆಗಳಿಗೆ ಸರಿ. ನಮ್ಮದು ಸಿಹಿನೀರಿನ ಬೈಲು, ಬೇಸಿಗೆಗೆ ಒಣಗುತ್ತದೆ.

ಬೈಲಿನ ಮೇಲ್ತುದಿಯಲ್ಲಿ ಗದ್ದೆ ಇದ್ದು, ರಾತ್ರಿ ಎದ್ದು ಹೋಗಲು ಮನೆಯಲ್ಲಿ ಜನ ಇದ್ದರೆ ಕಣಿಯೇ ಮಾಡಿ. ಹುಲ್ಲುಗೆಂಡೆ (ಗ್ರಾಸ್ ಕಾರ್ಪ್) ಮೀನನ್ನು ಮಾತ್ರ ಗದ್ದೆಗೆ ಬಿಡಬೇಡಿ, ಅದಕ್ಕೆ ನೇಜಿಯೂ (ಭತ್ತದ ಸಸಿ) ಹುಲ್ಲೇ.